ಹತ್ತು ಚಕ್ರದ ಟಿಪ್ಪರ್ ಅಗ್ಗ ಅಂತಾರೆ, ತರಿಸಲಾ?

ಪ್ರಶ್ನೆ: ಹುಬ್ಬಳ್ಳಿ ಹೊರಗಿನ ಹೊಸ ಬಡಾವಣೆಯೊಂದರಲ್ಲಿ 30×40 ಪ್ಲಾಟಿನಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಪಾಯ ತೋಡಿ ಆಗಿದೆ. ಈಗ ಉಸುಕು, ಕಡಿ (ಜಲ್ಲಿ) ತರಿಸಬೇಕು. ಹತ್ತು ಚಕ್ರದ ಟಿಪ್ಪರ್ ತರಿಸಿದರೆ ಬ್ರಾಸಿಗೆ ಕಡಿಮೆ ಬೀಳುತ್ತದೆ ಎಂದು ಪರಿಚಯದವರು ಹೇಳುತ್ತಾರೆ. ನಮ್ಮ ಗೌಂಡಿ ಮಾತ್ರ ಟ್ರ್ಯಾಕ್ಟರೇ ಸಾಕು ಅನ್ನುತ್ತಾರೆ. ಯಾರ ಮಾತು ಕೇಳುವುದು?

ಉತ್ತರ: ಸದ್ಯಕ್ಕೆ ಗೌಂಡಿ ಮಾತು ಕೇಳಿ. ಪರಿಚಯದವರು ಹೇಳಿದ್ದೂ ಸುಳ್ಳಲ್ಲ. ಆದರೆ ಅವರ ಲೆಕ್ಕ ಕಡಿ ಒಡೆಯುವ ಮಷಿನ್ನಿನಿಂದ ನಿಮ್ಮ ಓಣಿಯ ತಿರುವಿನವರೆಗೆ ಮಾತ್ರ. ದುಡ್ಡು ಹೋಗುವುದು ಅಲ್ಲಿಂದ ಮುಂದಿನ ನೂರು ಅಡಿಯಲ್ಲಿ.

ಮೊದಲು ಜಾಗ ನೋಡೋಣ. ಒಂದು ಬ್ರಾಸ್ ಅಂದರೆ 100 ಘನ ಅಡಿ. ಸುರುವಿದ ಉಸುಕು ತಾನಾಗೇ ಗೋಪುರದ ಹಾಗೆ ಕೂರುತ್ತದೆ. ಒಂದು ಬ್ರಾಸಿನ ಗುಡ್ಡೆಯ ಬುಡ ಸುಮಾರು 10 ಅಡಿ ಅಗಲ. ನಾಲ್ಕು ಬ್ರಾಸ್ ಒಂದೇ ಕಡೆ ಸುರುವಿದರೆ ಅದು 16 ಅಡಿಗೆ ಹೋಗುತ್ತದೆ. ನಿಮ್ಮದು 30 ಅಡಿ ಅಗಲದ ಪ್ಲಾಟು, ನಡುವೆ ಪಾಯದ ಗುಂಡಿ, ಪಕ್ಕದಲ್ಲಿ ತೆಗೆದು ಹಾಕಿದ ಮಣ್ಣು. 16 ಅಡಿ ಎಲ್ಲಿಂದ ತರುತ್ತೀರಿ? ಆಗ ಡ್ರೈವರ್ ಹೇಳುವುದು ಒಂದೇ ಮಾತು: "ಸಾಹೇಬ್ರ, ಗಾಡಿ ಒಳಗ ಬರೂದಿಲ್ರಿ, ಇಲ್ಲೇ ಸುರವಿ ಹೋಗ್ತೀನ್ರಿ." ಸುರುವಿ ಹೋಗುತ್ತಾನೆ. ರಸ್ತೆ ಮೇಲಿನ ಆ ಗುಡ್ಡೆಯನ್ನು ಬುಟ್ಟಿಯಲ್ಲಿ ಹೊತ್ತು ಒಳಗೆ ಹಾಕಲು ಎರಡು ಮೂರು ಆಳಿನ ಪಗಾರ. ಅಷ್ಟರಲ್ಲಿ ಮಳೆ ಬಂದರೆ ಒಂದಿಷ್ಟು ಗಟಾರಕ್ಕೆ. ಓಣಿಯವರ ಬೈಗುಳ ಬೇರೆ.

ಇನ್ನು ನೆಲ. ನಿಮ್ಮ ಪ್ಲಾಟು ಎರೆ (ಕಪ್ಪು ಮಣ್ಣಿನ) ನೆಲದಲ್ಲಿದೆಯೋ ಮಸಾರಿ (ಕೆಂಪು ಮಣ್ಣಿನ) ನೆಲದಲ್ಲಿದೆಯೋ ನೀವು ಬರೆದಿಲ್ಲ. ಹುಬ್ಬಳ್ಳಿಯಿಂದ ಗದಗ, ನವಲಗುಂದ ಕಡೆ ಹೋದಂತೆ ಎರೆ ಜಾಸ್ತಿ. ಧಾರವಾಡದ ಪಡುವಣ ಬದಿಗೆ ಹೋದರೆ ಕೆಂಪು ಮಣ್ಣು. ಎರೆ ಮಣ್ಣು ಬೇಸಿಗೆಯಲ್ಲಿ ಕಲ್ಲಿನಂತೆ ಗಟ್ಟಿ, ಎಂಥ ಗಾಡಿಯನ್ನೂ ಹೊರುತ್ತದೆ. ನೀರು ಕುಡಿದ ಮೇಲೆ ಅದು ಬೇರೆಯೇ ಮಣ್ಣು.

ಇದನ್ನು ಕೈ ಸುಟ್ಟುಕೊಂಡು ಕಲಿತವನು ನಾನು. ಗದಗ ರಸ್ತೆ ಕಡೆ ನನ್ನ ತಮ್ಮನ ಮನೆ ಕೆಲಸ ನಡೆದಿತ್ತು. ಮಳೆ ಬಿಟ್ಟು ಎರಡು ದಿನ ಆಗಿತ್ತು, ಮೇಲೆ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಅಗ್ಗ ಅಂತ ಹತ್ತು ಚಕ್ರದ ಟಿಪ್ಪರ್ ಹೇಳಿದ್ದೆ. ಹಿಂದಿನ ಚಕ್ರ ಪ್ಲಾಟಿನೊಳಗೆ ನಾಲ್ಕು ಅಡಿ ಬಂದವು ನೋಡಿ, ಆಕ್ಸಲ್ ಮಟ ಇಳಿದೇ ಬಿಟ್ಟವು. ವಾಲಿದ ಗಾಡಿಯ ಡಬ್ಬ ಎತ್ತುವ ಹಾಗಿಲ್ಲ. ಅರ್ಧ ಕಡಿಯನ್ನು ಆಳು ಹಚ್ಚಿ ಸಲಿಕೆಯಲ್ಲಿ ಇಳಿಸಿ, ಜೆಸಿಬಿ ಕರೆಸಿ ಎಳೆಸುವ ಹೊತ್ತಿಗೆ ಸಂಜೆ. ಜೆಸಿಬಿ ಬಾಡಿಗೆ ತಾಸಿನ ಲೆಕ್ಕ. ಗಾಡಿ ಹಿಂದೆ ಬರುವಾಗ ಪಕ್ಕದ ಮನೆಯ ಗಟಾರದ ಹಾಸುಗಲ್ಲು ಮುರಿದದ್ದೂ ನನ್ನ ಲೆಕ್ಕಕ್ಕೇ ಬಂತು. ಬ್ರಾಸಿಗೆ ಉಳಿಸಿದ ದುಡ್ಡನ್ನು ತಮ್ಮ ಈಗಲೂ ನೆನಪಿಸುತ್ತಾನೆ.

ಹಾಗಂತ ಎರೆ ನೆಲಕ್ಕೆ ಟಿಪ್ಪರ್ ಬರಲೇಬಾರದು ಅಂತಲ್ಲ. ರಸ್ತೆಯಿಂದ ಸುರುವುವ ಜಾಗದವರೆಗೆ 10–12 ಅಡಿ ಅಗಲಕ್ಕೆ ಗರಸು, ಒಡೆದ ಇಟ್ಟಂಗಿ ಹಾಕಿ ದಮ್ಮಸು ಮಾಡಿಸಿ. ಇದನ್ನು ಮಳೆಗಾಲಕ್ಕೆ ಮೊದಲೇ ಮುಗಿಸಬೇಕು. ಒದ್ದೆ ಎರೆ ಮೇಲೆ ಗರಸು ಹಾಕಿದರೆ ಅದೂ ಕೆಳಗೆ ಹೋಗುತ್ತದೆ, ಅಷ್ಟೇ.

ಈಗ ಭಾರದ ಲೆಕ್ಕ. "ಒಂದು ಲೋಡ್" ಅನ್ನುವುದು ಅಳತೆ ಅಲ್ಲ, ಬರೀ ಮಾತು. ಕೇಂದ್ರ ಸರ್ಕಾರ 2018ರಲ್ಲಿ ಆಕ್ಸಲ್ ಭಾರದ ಮಿತಿ ಹೆಚ್ಚಿಸಿತು. ಮುಂದಿನ ಆಕ್ಸಲಿಗೆ 7 ಟನ್, ನಾಲ್ಕು ಟೈರಿನ ಒಂಟಿ ಹಿಂದಿನ ಆಕ್ಸಲಿಗೆ 11.5 ಟನ್, ಜೋಡಿ ಆಕ್ಸಲಿಗೆ 21 ಟನ್. ಅಂದರೆ ಆರು ಚಕ್ರದ ಗಾಡಿ ಸರಕು ಸಮೇತ 18.5 ಟನ್, ಹತ್ತು ಚಕ್ರದ್ದು 28 ಟನ್. ಗಾಡಿಯ ಸ್ವಂತ ಭಾರ ಕಳೆಯಿರಿ. ಆರು ಚಕ್ರದ್ದು ಸುಮಾರು 7, ಹತ್ತು ಚಕ್ರದ್ದು 11 ಟನ್ ಆಸುಪಾಸು. ಒಂದು ಬ್ರಾಸ್ ಎಂ-ಸ್ಯಾಂಡ್ (ಕಲ್ಲು ಒಡೆದು ಮಾಡಿದ ಉಸುಕು) ಸುಮಾರು ನಾಲ್ಕೂವರೆ ಟನ್ ತೂಗುತ್ತದೆ. ಭಾಗಿಸಿ ನೋಡಿ: ಆರು ಚಕ್ರಕ್ಕೆ ಎರಡೂವರೆ ಬ್ರಾಸ್, ಹತ್ತು ಚಕ್ರಕ್ಕೆ ನಾಲ್ಕಕ್ಕೂ ಸ್ವಲ್ಪ ಕಡಿಮೆ.

"ಆರು ಬ್ರಾಸ್ ತುಂಬಿ ಕಳಿಸ್ತೀನ್ರಿ" ಎಂದು ಯಾರಾದರೂ ಹೇಳಿದರೆ ಎರಡರಲ್ಲಿ ಒಂದು. ಅಳತೆ ಸುಳ್ಳು, ಇಲ್ಲವೇ ಗಾಡಿ 10 ಟನ್ ಜಾಸ್ತಿ ಹೊತ್ತು ಬರುತ್ತಿದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆದ ಮೇಲೆ ಜಾಸ್ತಿ ಭಾರಕ್ಕೆ ದಂಡ 20,000 ರೂಪಾಯಿ, ಮೇಲೆ ಹೆಚ್ಚುವರಿ ಟನ್ನಿಗೆ 2,000. ಹತ್ತು ಟನ್ನಿಗೆ 40,000 ಆಯಿತು. ದಂಡ ಗಾಡಿಯವರಿಗೇ, ನಿಜ. ಆದರೆ ಅಷ್ಟು ಭಾರಕ್ಕೆ ನಿಮ್ಮ ಓಣಿಯ ನೀರಿನ ಪೈಪು, ಒಳಚರಂಡಿ ಮುಚ್ಚಳ ತಡೆಯಬೇಕಲ್ವಾ?

ಅಳೆಯುವುದು ಸುಲಭ. ಡಬ್ಬದ ಒಳಗಿನ ಉದ್ದ, ಅಗಲ, ಎತ್ತರ ಅಡಿಯಲ್ಲಿ ಗುಣಿಸಿ 100ರಿಂದ ಭಾಗಿಸಿ. 10 ಅಡಿ ಉದ್ದ, 6 ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ರ್ಯಾಕ್ಟರ್ ಟ್ರೇಲರ್ ಹಿಡಿಸುವುದು 0.9 ಬ್ರಾಸ್. ಬ್ರಾಸ್ ಅಂತ ಹೇಳಿ ಕೊಡುವುದು ಇದನ್ನೇ. ಸುರುವುವ ಮುಂಚೆ ಟೇಪ್ ಹಿಡಿಯಿರಿ, ಸುರುವಿದ ಮೇಲೆ ಹಿಡಿದು ಸುಮ್ನೆ ಜಗಳ. ಮೇಲೆ ಗುಡ್ಡೆ ಮಾಡಿ ತಂದರೂ ತಾಡಪತ್ರಿ ಕಟ್ಟದಿದ್ದರೆ ಆ ಗುಡ್ಡೆ ದಾರಿಯಲ್ಲೇ ಉದುರುತ್ತದೆ. ತೂಕದ ಕಾಟಾ ಚೀಟಿಯನ್ನೂ ಕೇಳಿ, ಆದರೆ ಅದೊಂದನ್ನೇ ನಂಬಬೇಡಿ. ಒದ್ದೆ ಉಸುಕು ತೂಗಿಸಿದರೆ ನೀರಿಗೂ ದುಡ್ಡು ಕೊಟ್ಟ ಹಾಗೆ. ಅಳತೆಯಲ್ಲಿ ಕೊಂಡರೂ ತೇವ ಮೋಸ ಮಾಡುತ್ತದೆ: ಸ್ವಲ್ಪ ಹಸಿ ಇರುವ ಉಸುಕು ಉಬ್ಬಿ, ಒಣ ಉಸುಕಿಗಿಂತ ಕಾಲು ಪಾಲು ಜಾಸ್ತಿ ಕಾಣಬಹುದು.

ತುಂಗಭದ್ರೆಯ ಹೊಳೆ ಉಸುಕೇ ಬೇಕು ಅಂತಿದ್ದರೆ ಖನಿಜ ಸಾಗಣೆ ಪರವಾನಗಿ ಚೀಟಿ ಕೇಳಿ. ಅದರ ಮೇಲಿನ ಗಾಡಿ ನಂಬರೂ ಎದುರಿಗಿರುವ ಗಾಡಿ ನಂಬರೂ ಒಂದೇ ಇರಬೇಕು. ರಾತ್ರಿ ಎರಡು ಗಂಟೆಗೆ ಬರುವ ಅಗ್ಗದ ಉಸುಕು ಬೇಡವೇ ಬೇಡ.

ಟ್ರ್ಯಾಕ್ಟರಿಗೂ ಊನ ಇದೆ. ಬಹಳಷ್ಟು ಟ್ರೇಲರುಗಳಿಗೆ ಬ್ರೇಕೇ ಇರುವುದಿಲ್ಲ. ಧಾರವಾಡದಂಥ ಏರಿಳಿತದ ಊರಲ್ಲಿ ತುಂಬಿದ ಟ್ರೇಲರ್ ಇಳಿಜಾರಿನಲ್ಲಿ ಎಂಜಿನ್ನನ್ನೇ ನೂಕುತ್ತದೆ. ಒಕ್ಕಲುತನಕ್ಕೆಂದು ನೋಂದಣಿ ಮಾಡಿಸಿದ ಟ್ರ್ಯಾಕ್ಟರ್ ಬಾಡಿಗೆಗೆ ಓಡಿ ಅಪಘಾತ ಆದರೆ ವಿಮೆ ಕಂಪನಿ ತಕರಾರು ತೆಗೆಯುತ್ತದೆ. ಬಾಡಿಗೆಗೇ ನೋಂದಣಿ ಆದ ಗಾಡಿಯೇ ಎಂದು ಕೇಳಿಕೊಂಡೇ ತರಿಸಿ.

ಸಿಮೆಂಟು, ಸರಳು, ಇಟ್ಟಂಗಿಗೆ ತಲೆ ಕೆಡಿಸಿಕೊಳ್ಳಬೇಡಿ, ಅಂಗಡಿಯವರೇ ಗಾಡಿ ನೋಡುತ್ತಾರೆ. ಸಿಮೆಂಟು 20 ಚೀಲಕ್ಕೆ ಒಂದು ಟನ್ ಎಂಬುದಷ್ಟು ನೆನಪಿರಲಿ.

ಯಾವ ಗಾಡಿ ಬಂದರೂ ಸುರುವುವಾಗ ನೀವೋ ಗೌಂಡಿಯೋ ಅಲ್ಲಿರಬೇಕು. ಪಾಯದ ಗುಂಡಿ ಎಷ್ಟು ಆಳವೋ ಕನಿಷ್ಠ ಅಷ್ಟು ದೂರದಲ್ಲಿ ಚಕ್ರ ನಿಲ್ಲಲಿ. ಎರೆ ಮಣ್ಣಿನ ಅಂಚು ಹೇಳದೇ ಕೇಳದೇ ಕುಸಿಯುತ್ತದೆ. ನೆಲ ಸಮ ಇರಲಿ. ಹಸಿ ಎಂ-ಸ್ಯಾಂಡ್ ಡಬ್ಬದ ಮೂಲೆಗೆ ಅಂಟಿಕೊಂಡು ಕೂತರೆ, ಮೇಲೆತ್ತಿದ ಡಬ್ಬ ಒಂದು ಬದಿಗೆ ವಾಲಿ ಗಾಡಿಯನ್ನೇ ಮಗುಚುತ್ತದೆ. ತಲೆ ಎತ್ತಿ ಕರೆಂಟ್ ತಂತಿಯನ್ನೂ ನೋಡಿ. ದೊಡ್ಡ ಟಿಪ್ಪರಿನ ಡಬ್ಬ ಎತ್ತಿದಾಗ 20 ಅಡಿ ಹತ್ತಿರ ಹೋಗುತ್ತದೆ. ತಗುಲಿದರೆ ಡ್ರೈವರ್ ಸೀಟಿನಿಂದ ಏಳಬಾರದು, ಬೇರೆಯವರು ಗಾಡಿ ಹತ್ತಿರ ಹೋಗಬಾರದು. ಮೊದಲು ಹೆಸ್ಕಾಂಗೆ ಫೋನ್.

ನಿಮ್ಮ ಪ್ಲಾಟಿಗೆ ನಾನಾದರೆ ಹೀಗೆ ಮಾಡುತ್ತೇನೆ. ಪಾಯ ತುಂಬಿ ಪ್ಲಿಂತ್ (ಮನೆಯ ನೆಲಮಟ್ಟದವರೆಗಿನ ಕಟ್ಟೆ) ಮುಗಿಯುವವರೆಗೆ ಟ್ರ್ಯಾಕ್ಟರ್, ಬೇಕಾದಾಗ ಒಂದೊಂದೇ ಟ್ರಿಪ್. ಆಮೇಲೆ ನೆಲ ಸಮ ಆಗಿ ಜಾಗ ಸಿಕ್ಕಾಗ, ಗೋಡೆ ಮತ್ತು ಗಿಲಾವಿಗೆ ಆರು ಚಕ್ರದ ಟಿಪ್ಪರ್. ಸ್ಲ್ಯಾಬಿಗೆ ರೆಡಿಮಿಕ್ಸ್ ಹಾಕಿಸುವ ಯೋಚನೆ ಇದ್ದರೆ ಲೆಕ್ಕ ಬದಲಾಗುತ್ತದೆ. 1,000 ಚದರ ಅಡಿಯ ಐದಿಂಚು ಸ್ಲ್ಯಾಬಿಗೆ ಸುಮಾರು 12 ಘನ ಮೀಟರ್, ಅಂದರೆ 6 ಘನ ಮೀಟರಿನ ಎರಡು ಮಿಕ್ಸರ್ ಗಾಡಿ. ಅವೂ ತುಂಬಿದಾಗ ಹತ್ತು ಚಕ್ರದ ಟಿಪ್ಪರಿನಷ್ಟೇ ಭಾರ. ಕಾಂಕ್ರೀಟಿಗೆ ನೀರು ಬೆರೆತ ಎರಡು ತಾಸಿನೊಳಗೆ ಇಳಿಯಬೇಕು, ಹೂತ ಗಾಡಿ ಎಳೆಸುತ್ತ ಕೂರಲು ಸಮಯ ಇರುವುದಿಲ್ಲ. ಹಾಗಾಗಿ ಅವನ್ನು ಡಾಂಬರು ರಸ್ತೆಯಲ್ಲೇ ನಿಲ್ಲಿಸಿ ಪಂಪಿನಲ್ಲಿ ಎತ್ತಿಸಿ. ಹಿಂದಿನ ದಿನವೇ ಅಕ್ಕಪಕ್ಕದವರಿಗೆ ಕಾರು, ಬೈಕು ಬೇರೆ ಕಡೆ ಹಚ್ಚಲು ಹೇಳಿಬಿಡಿ.