ದಾಖಲೆಗೆ ಇಪ್ಪತ್ತು ರೂಪಾಯಿ

ಬೆಂಗಳೂರಿನ ಹಲವು ನರ್ಸಿಂಗ್ ಹೋಂಗಳ ರಿಸೆಪ್ಷನ್ ಮೇಜಿನ ಮೇಲೆ ಈಗ ಎರಡು ಕ್ಯೂಆರ್ ಕೋಡ್ ಇರುತ್ತವೆ. ಒಂದು ದುಡ್ಡು ಕಟ್ಟಲು, ಇನ್ನೊಂದು ಆಭಾ, ಅಂದರೆ ರೋಗಿಯ ದಾಖಲೆಗಳನ್ನು ಜೋಡಿಸುವ ಸರ್ಕಾರಿ ಡಿಜಿಟಲ್ ಆರೋಗ್ಯ ಖಾತೆಯ ವಿವರ ಕೊಡಲು. ಮೊದಲನೆಯದನ್ನು ಯಾರೂ ಹೇಳಿಕೊಡದೆ ಜನ ಸ್ಕ್ಯಾನ್ ಮಾಡುತ್ತಾರೆ. ಎರಡನೆಯದನ್ನು ಮಾಡಿಸಲು ಕೇಂದ್ರ ಸರ್ಕಾರ ಆಸ್ಪತ್ರೆಗಳಿಗೆ ದುಡ್ಡು ಕೊಡಬೇಕಾಯಿತು. ವೈದ್ಯರು ಪೆನ್ನು ಬಿಟ್ಟು ಕಂಪ್ಯೂಟರ್ ಹಿಡಿಯಲಿ ಎಂದು ಸರ್ಕಾರ ಹಣ ಸುರಿಯುವುದು ಹೊಸತೇನಲ್ಲ. ಸುರಿದ ಹಣ ಏನನ್ನು ಅಳೆದು ಸುರಿಯಿತು ಎಂಬುದು ಮಾತ್ರ ಪ್ರತಿ ಸಲವೂ ತಕರಾರಿನ ವಿಷಯ.

ದೊಡ್ಡ ಉದಾಹರಣೆ ಅಮೆರಿಕದ್ದು. 2009ರ ಆರ್ಥಿಕ ಪುನಶ್ಚೇತನ ಕಾನೂನಿನೊಳಗೆ ಸೇರಿದ್ದ ಹೈಟೆಕ್ ಕಾಯ್ದೆ, ಮೆಡಿಕೇರ್ (ಮುಖ್ಯವಾಗಿ ಹಿರಿಯರ ಸರ್ಕಾರಿ ವಿಮೆ) ರೋಗಿಗಳನ್ನು ನೋಡುವ ವೈದ್ಯರಿಗೆ ಐದು ವರ್ಷದಲ್ಲಿ 44,000 ಡಾಲರ್‌ವರೆಗೆ, ಮೆಡಿಕೈಡ್ (ಬಡವರ ಸರ್ಕಾರಿ ವಿಮೆ) ವೈದ್ಯರಿಗೆ ಆರು ವರ್ಷದಲ್ಲಿ 63,750 ಡಾಲರ್‌ವರೆಗೆ ಕೊಟ್ಟಿತು. ಕಂಪ್ಯೂಟರ್ ಕೊಂಡರೆ ಸಾಲದು, 'ಅರ್ಥಪೂರ್ಣ ಬಳಕೆ' ಆಗಬೇಕು ಎಂಬುದು ಷರತ್ತು. ಮೊದಲ ಹಂತದಲ್ಲಿ 15 ಕಡ್ಡಾಯ ಗುರಿ, ಜೊತೆಗೆ ಹತ್ತರಲ್ಲಿ ಐದು ಐಚ್ಛಿಕ. ಹದಿಮೂರು ದಾಟಿದ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಧೂಮಪಾನ ಮಾಡುತ್ತಾರೋ ಇಲ್ಲವೋ ಎಂದು ನಮೂದಿಸುವುದು ಅವುಗಳಲ್ಲೊಂದು. 2015ರಿಂದ ಬಳಸದವರಿಗೆ ಮೆಡಿಕೇರ್ ಹಣದಲ್ಲಿ ಕಡಿತವೂ ಶುರುವಾಯಿತು. ಗಣಕೀಕರಣವೇನೋ ಆಯಿತು. ಅದರ ಜೊತೆಗೇ ವೈದ್ಯರು ರೋಗಿಯ ಮುಖ ಬಿಟ್ಟು ಚೌಕಗಳಿಗೆ ಗುರುತು ಹಾಕುತ್ತ ಕುಳಿತರು. ಒಂದು ಆಸ್ಪತ್ರೆಯ ತಂತ್ರಾಂಶ ಇನ್ನೊಂದರ ಜೊತೆ ಮಾತಾಡಲಿಲ್ಲ. ಪ್ರಮಾಣಪತ್ರ ಪರೀಕ್ಷೆಯಲ್ಲಿ ಕೇಳುವ 16 ಔಷಧ ಸಂಕೇತಗಳನ್ನಷ್ಟೇ ತಂತ್ರಾಂಶದೊಳಗೆ ತುಂಬಿಸಿಟ್ಟು ಪಾಸಾದ ಆರೋಪದ ಮೇಲೆ ಒಂದು ಕಂಪನಿ 2017ರಲ್ಲಿ 15.5 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು.

ನಮ್ಮಲ್ಲಿ ದುಡ್ಡಿಗೆ ಮೊದಲು ಕಾಗದ ಬಂತು. 2013ರಲ್ಲಿ ಇ-ಆರೋಗ್ಯ ದಾಖಲೆಯ ಮಾನದಂಡ, 2016ರಲ್ಲಿ ಅದರ ಪರಿಷ್ಕರಣೆ, 2018ರಲ್ಲಿ ದೇಶಕ್ಕೆಲ್ಲ ಒಂದೇ ಡಿಜಿಟಲ್ ಆರೋಗ್ಯ ವ್ಯವಸ್ಥೆ ಕಟ್ಟುವ ನೀತಿ ಆಯೋಗದ ಪ್ರಸ್ತಾವ 'ಹೆಲ್ತ್ ಸ್ಟ್ಯಾಕ್', 2019ರಲ್ಲಿ ಅದರ ನೀಲನಕ್ಷೆ. 2020ರ ಆಗಸ್ಟ್ 15ರಂದು ಆರು ಕೇಂದ್ರಾಡಳಿತ ಪ್ರದೇಶಗಳಲ್ಲಿ ಪ್ರಯೋಗ ಆರಂಭ, 2021ರ ಸೆಪ್ಟೆಂಬರ್ 27ಕ್ಕೆ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಎಂಬ ಹೆಸರಲ್ಲಿ ದೇಶಕ್ಕೆಲ್ಲ. ಐದು ವರ್ಷಕ್ಕೆ 1,600 ಕೋಟಿ ರೂಪಾಯಿ. ಇಷ್ಟಾದರೂ ಖಾಸಗಿಯವರು ಅಷ್ಟಾಗಿ ಬರಲಿಲ್ಲ. ಹಾಗಾಗಿ 2023ರ ಜನವರಿ 1ರಿಂದ ಡಿಜಿಟಲ್ ಹೆಲ್ತ್ ಇನ್ಸೆಂಟಿವ್ ಯೋಜನೆ. ಆಮೇಲೆ ಅದರ ಅವಧಿ ಮತ್ತೆ ಮತ್ತೆ ವಿಸ್ತರಣೆ.

ಯೋಜನೆ ಬಂದಾಗಿನ ಲೆಕ್ಕ ಹೀಗೆ. ಹತ್ತು ಅಥವಾ ಹೆಚ್ಚು ಹಾಸಿಗೆಯ ಆಸ್ಪತ್ರೆಗೆ, ಹಾಸಿಗೆಯೊಂದಕ್ಕೆ ತಿಂಗಳಿಗೆ 50 ದಾಖಲೆ ಮೂಲ ಮಟ್ಟ. ಅಷ್ಟಕ್ಕೆ ಚಿಕ್ಕಾಸೂ ಇಲ್ಲ. ಅದರ ಮೇಲೆ ಆಭಾಗೆ ಜೋಡಿಸಿದ ಪ್ರತಿ ದಾಖಲೆಗೆ 20 ರೂಪಾಯಿ. ಒಂದು ಆಸ್ಪತ್ರೆಗೆ ಒಟ್ಟು ಮಿತಿ 4 ಕೋಟಿ ರೂಪಾಯಿ. ತಂತ್ರಾಂಶ ಒದಗಿಸುವ ಕಂಪನಿಗೂ ಪ್ರತ್ಯೇಕ ಪ್ರೋತ್ಸಾಹಧನವುಂಟು. ವಿಜಯನಗರದ ಕಡೆಯ ಮೂವತ್ತು ಹಾಸಿಗೆಯ ನರ್ಸಿಂಗ್ ಹೋಂ ಎಂದಿಟ್ಟುಕೊಳ್ಳಿ. ತಿಂಗಳಿಗೆ ಮೊದಲ 1,500 ದಾಖಲೆ ಬಿಟ್ಟಿ. 2,500 ಮುಟ್ಟಿದರೆ ಮೇಲಿನ ಸಾವಿರಕ್ಕೆ 20,000 ರೂಪಾಯಿ. ರಿಸೆಪ್ಷನ್‌ನಲ್ಲಿ ಇದಕ್ಕೆಂದೇ ಒಬ್ಬ ಹುಡುಗಿಯನ್ನು ಕೂರಿಸಿದರೆ ಆಕೆಯ ಸಂಬಳಕ್ಕೆ ಸರಿಹೋಯಿತು. ಹಾಸಿಗೆಯೇ ಇಲ್ಲದ ಶ್ರೀರಾಮಪುರದ ಒಂಟಿ ವೈದ್ಯರ ಕ್ಲಿನಿಕ್ ಈ ಹಾಸಿಗೆಯ ಸೂತ್ರದೊಳಗೆ ಕೂರುವುದೇ ಇಲ್ಲ. ನೆಗಡಿ, ಜ್ವರ, ಬಿಪಿ, ಶುಗರ್ ಎಂದು ಜನ ಮೊದಲು ಹೋಗುವುದು ಅಲ್ಲಿಗೇ. ಅಂಥ ಕ್ಲಿನಿಕ್‌ಗಳನ್ನು ಗುಂಪಾಗಿ ತಲುಪಲು ನೂರು ಮೈಕ್ರೋಸೈಟ್‌ಗಳ, ಅಂದರೆ ಒಂದೊಂದು ಪ್ರದೇಶದ ಚಿಕ್ಕ ಕ್ಲಿನಿಕ್‌ಗಳ ಗುಚ್ಛಗಳ, ಯೋಜನೆ ಆಮೇಲೆ ಬಂತು.

ಸೇರುವ ದಾರಿಯಲ್ಲಿ ಮುಗ್ಗರಿಸುವ ಜಾಗಗಳು ನಿಗದಿಯಾಗಿವೆ. ಮೊದಲು ವೈದ್ಯರ ನೋಂದಣಿ: ಆಧಾರ್ ಒಟಿಪಿ, ಕರ್ನಾಟಕ ಮೆಡಿಕಲ್ ಕೌನ್ಸಿಲ್ ಸಂಖ್ಯೆ, ಪದವಿ ಪ್ರಮಾಣಪತ್ರ. ಕೌನ್ಸಿಲ್ ಪತ್ರದಲ್ಲಿ 'ಮಂಜುನಾಥ ಎಸ್.', ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು ಸೇರಿದ್ದರೆ ಪರಿಶೀಲನೆ ಅಲ್ಲೇ ನಿಲ್ಲಬಹುದು. ಇನಿಷಿಯಲ್ ಹಾಕುವ ಊರಿನ ಹಣೆಬರಹ ಇದು. ಮುಂದೆ ಆಸ್ಪತ್ರೆಯ ನೋಂದಣಿ. ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ (ಕೆಪಿಎಂಇ) ಪಡೆದ ಪ್ರಮಾಣಪತ್ರದಲ್ಲಿರುವ ಹೆಸರು, ವಿಳಾಸ, ಹಾಸಿಗೆ ಸಂಖ್ಯೆಯನ್ನೇ ಇಲ್ಲೂ ಕೊಡಬೇಕು. ಮೂರನೆಯದು ಮಿಷನ್‌ಗೆ ಜೋಡಣೆಯಾದ ತಂತ್ರಾಂಶ. ಇದರಲ್ಲಿ ಮೂರು ಮೆಟ್ಟಿಲು: ಎಂ1 ಎಂದರೆ ಆಭಾ ತೆರೆಯುವುದು, ಪರಿಶೀಲಿಸುವುದು, ಎಂ2, ದಾಖಲೆ ಜೋಡಿಸುವುದು, ಎಂ3, ರೋಗಿಯ ಒಪ್ಪಿಗೆ ಪಡೆದು ಬೇರೆ ಆಸ್ಪತ್ರೆಯ ದಾಖಲೆ ನೋಡುವುದು.

ದಿನನಿತ್ಯದ ತೊಂದರೆಯೆಲ್ಲ ಎಂ2ರಲ್ಲಿ. ಆಸ್ಪತ್ರೆ ಬರೆದುಕೊಂಡ ಹೆಸರು, ಲಿಂಗ, ಹುಟ್ಟಿದ ವರ್ಷ ಆಭಾದಲ್ಲಿರುವುದಕ್ಕೆ ಹೊಂದದಿದ್ದರೆ ಜೋಡಣೆ ಆಗುವುದಿಲ್ಲ. ಅಜ್ಜಿಯ ವಯಸ್ಸು ಅಂದಾಜಿಗೆ ಬರೆದಿರುತ್ತಾರೆ, ಅಲ್ಲಿಗೆ ಮುಗಿಯಿತು. ಒಟಿಪಿ ಹೋಗುವುದು ವೈಟ್‌ಫೀಲ್ಡ್‌ನಲ್ಲಿ ಮೀಟಿಂಗ್‌ನಲ್ಲಿರುವ ಮಗನ ಫೋನಿಗೆ. ಒಂದೇ ಮೊಬೈಲ್ ಸಂಖ್ಯೆಗೆ ಮನೆಯವರೆಲ್ಲರ ಆಭಾ ಇದ್ದರೆ, ಆಯ್ಕೆಯ ಪಟ್ಟಿಯಲ್ಲಿ ಅತ್ತೆಯ ಬದಲು ಸೊಸೆಯ ಹೆಸರು ಒತ್ತಿ, ಸೊಸೆಯ ಖಾತೆಗೆ ಅತ್ತೆಯ ಶುಗರ್ ರಿಪೋರ್ಟ್ ಹೋಗುತ್ತದೆ. ಇದು ಬರಿಯ ತಾಂತ್ರಿಕ ದೋಷವಲ್ಲ. ಮುಂದೆ ಇನ್ನೊಬ್ಬ ವೈದ್ಯರು ಅದನ್ನೇ ನಂಬಿ ಮಾತ್ರೆ ಬರೆಯಬಹುದು. ಜೋಡಿಸುವ ಮುನ್ನ ಪರದೆಯ ಮೇಲಿನ ಹೆಸರನ್ನು ರೋಗಿಗೆ ಗಟ್ಟಿಯಾಗಿ ಓದಿ ಹೇಳುವುದಕ್ಕಿಂತ ಅಗ್ಗದ ಪರಿಹಾರ ಇಲ್ಲ.

ಇನ್ನು ಸಮಯ. ರೋಗಿಗೆ ಒಂದೂವರೆ ನಿಮಿಷ ಹೆಚ್ಚಿಗೆ ಹಿಡಿದರೂ ದಿನಕ್ಕೆ ಅರವತ್ತು ರೋಗಿಗಳ ಒಪಿಡಿಗೆ ಒಂದೂವರೆ ಗಂಟೆ ಸೇರಿತು. ಇಪ್ಪತ್ತು ರೂಪಾಯಿ ಆ ಗಂಟೆಯ ಬೆಲೆಯೋ ಅಲ್ಲವೋ ಎಂಬುದು ವೈದ್ಯರ ಫೀಸಿನ ಮೇಲೆ ನಿಂತಿದೆ. ಅದಕ್ಕೇ ಅನೇಕ ಕಡೆ ವೈದ್ಯರು ಹಳೆಯಂತೆ ಚೀಟಿ ಬರೆಯುತ್ತಾರೆ, ಸಿಬ್ಬಂದಿ ಅದರ ಫೋಟೋ ತೆಗೆದು ಏರಿಸುತ್ತಾರೆ. ಆರೋಗ್ಯ ದಾಖಲೆಗಳನ್ನು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಕಳಿಸುವ ಫೈರ್ (FHIR) ಎಂಬ ಮಾನದಂಡದ ಹೊದಿಕೆಯೊಳಗೆ ಪಿಡಿಎಫ್ ಇಡಲು ಅವಕಾಶವಿದೆ. ದಾಖಲೆ ಸಿಕ್ಕಿತು, ಆದರೆ ಅದರೊಳಗಿನ ಔಷಧದ ಹೆಸರನ್ನು ಯಾವ ಕಂಪ್ಯೂಟರೂ ಸಲೀಸಾಗಿ ಓದಲಾರದು. ಎರಡು ಮಾತ್ರೆ ಒಟ್ಟಿಗೆ ಕೊಡಬಾರದು ಎಂದು ಎಚ್ಚರಿಸಲೂ ಆಗದು.

ಆಸ್ಪತ್ರೆಗೆ ಹಣ ಬರುವುದು ದಾಖಲೆ ಮಾಡಿ ಜೋಡಿಸಿದ್ದಕ್ಕೆ. ಎಂ3ರಲ್ಲಿ ಹಳೆಯ ದಾಖಲೆ ತೆರೆದು ನೋಡಿ, ಮಾಡಿಸಿದ ಸ್ಕ್ಯಾನನ್ನೇ ಮತ್ತೆ ಮಾಡಿಸದೆ ಬಿಟ್ಟ ವೈದ್ಯರಿಗೆ ಏನೂ ಇಲ್ಲ. ಅಮೆರಿಕ ಬಳಕೆಯನ್ನು ಅಳೆಯಲು ಹೋಗಿ ಚೌಕಗಳಲ್ಲಿ ಸಿಕ್ಕಿಕೊಂಡಿತು, ನಿಜ. ಆ ಗೋಜೇ ಬೇಡವೆಂದು ಬರೀ ಎಣಿಕೆಗೆ ಇಳಿದರೆ ಸಿಗುವುದು ಎಣಿಕೆಯೇ.

ಹೊಣೆಯಂತೂ ಬೆಳೆಯುತ್ತಿದೆ. ಒಳರೋಗಿಗಳ ದಾಖಲೆ ಮೂರು ವರ್ಷ ಇಡಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂಬ ವೈದ್ಯಕೀಯ ಪರಿಷತ್ತಿನ ನಿಯಮ 2002ರದ್ದು. 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿ ಭದ್ರತೆಯ ಲೋಪಕ್ಕೆ ದಂಡ 250 ಕೋಟಿ ರೂಪಾಯಿವರೆಗೆ. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ, ಮುಖ್ಯ ಹೊಣೆಗಳಿಗೆ ಹದಿನೆಂಟು ತಿಂಗಳ ಗಡುವು. ಈಗ ತಂತ್ರಾಂಶದವರೊಡನೆ ಸಹಿ ಹಾಕುವ ನರ್ಸಿಂಗ್ ಹೋಂ ಕೇಳಿ ಬರೆಸಿಕೊಳ್ಳಬೇಕಾದ್ದು ಇಷ್ಟು: ಮೂರೂ ಮೆಟ್ಟಿಲು ಮುಗಿದಿವೆಯೇ, ಬಿಟ್ಟು ಹೋಗುವಾಗ ಹಳೆಯ ದಾಖಲೆಗಳನ್ನು ಯಾವ ರೂಪದಲ್ಲಿ, ಎಷ್ಟು ದಿನದಲ್ಲಿ ಕೊಡುತ್ತೀರಿ, ಮಾಹಿತಿ ಸೋರಿದರೆ ನಮಗೆ ಎಷ್ಟು ಗಂಟೆಯಲ್ಲಿ ತಿಳಿಸುತ್ತೀರಿ, ಪ್ರೋತ್ಸಾಹಧನ ನಿಂತ ಮೇಲೆ ತಿಂಗಳ ಬಾಡಿಗೆ ಎಷ್ಟು.