ವಂಕಿ ಹಾಕಿಸಿದ ಮೇಲೆ ಕಾಣುವ ರಕ್ತ

ಉಡುಪಿ, ಮಂಗಳೂರು ಕಡೆಯ ಅನೇಕ ಮನೆಗಳಲ್ಲಿ ಮುಟ್ಟಿನ ದಿನ ಎಣಿಸುವುದು ಆರೋಗ್ಯದ ಲೆಕ್ಕವಷ್ಟೇ ಅಲ್ಲ; ದೈವದ ನೇಮಕ್ಕೋ ದೇವಸ್ಥಾನಕ್ಕೋ ಹೋಗಬಹುದೇ ಎಂಬುದೂ ಅದರ ಮೇಲೆಯೇ ನಿಂತಿರುತ್ತದೆ. ಹಾಗಾಗಿ ಗರ್ಭ ನಿಲ್ಲದಂತೆ ಗರ್ಭಕೋಶದೊಳಗೆ ಇಡುವ ಹಾರ್ಮೋನ್ ವಂಕಿ ಹಾಕಿಸಿಕೊಂಡವರಿಗೆ ವಾರಗಟ್ಟಲೆ ಹನಿಹನಿಯಾಗಿ ರಕ್ತ ಕಾಣಿಸಿದರೆ, ಅದು ಎಷ್ಟೇ ಅಲ್ಪವಾಗಿದ್ದರೂ, ಸಣ್ಣ ಸಂಗತಿಯಲ್ಲ.

ಈ ಅಂಜಿಕೆಗೆ ಹಳೆಯ ಬೇರಿದೆ. 1965ರಲ್ಲಿ ನಮ್ಮ ಕುಟುಂಬ ಯೋಜನೆಗೆ ಲಿಪ್ಪೆಸ್ ಲೂಪ್ ಎಂಬ ಪ್ಲಾಸ್ಟಿಕ್ ವಂಕಿ ಬಂದಾಗ ಅತಿಸ್ರಾವ, ಹೊಟ್ಟೆನೋವುಗಳ ಬಗ್ಗೆ ಮೊದಲೇ ತಿಳಿಹೇಳಿ ಆಮೇಲೆ ವಿಚಾರಿಸಿಕೊಳ್ಳುವ ವ್ಯವಸ್ಥೆ ಸಾಲದೆ, ಲೂಪಿನ ಹೆಸರೇ ಕೆಟ್ಟಿತು. ನಂತರದ ಕಾಪರ್-ಟಿಯಲ್ಲೂ ಸ್ರಾವ ಹೆಚ್ಚುವ ದೂರು ಉಳಿಯಿತು. ಫಿನ್ಲೆಂಡಿನ ತಪಾನಿ ಲುಕ್ಕೈನೆನ್ ಮತ್ತು ಸಂಗಡಿಗರು ರೂಪಿಸಿ, 1990ರಲ್ಲಿ ಅಲ್ಲಿ ಬಳಕೆಗೆ ಬಂದ ಮಿರೇನಾ ಎಂಬ ಹಾರ್ಮೋನ್ ವಂಕಿ ಇದನ್ನು ತಲೆಕೆಳಗು ಮಾಡಿತು: ಅದರಲ್ಲಿರುವ 52 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ಹಾರ್ಮೋನ್ ಗರ್ಭಕೋಶದ ಒಳಪದರವನ್ನು ತೆಳುವಾಗಿಸುವುದರಿಂದ ಅತಿಸ್ರಾವಕ್ಕೆ ಅದೇ ಮದ್ದಾಯಿತು, ವರ್ಷ ಕಳೆಯುವಾಗ ಸುಮಾರು ಐವರಲ್ಲಿ ಒಬ್ಬರಿಗೆ ಮುಟ್ಟೇ ನಿಲ್ಲುತ್ತದೆ. ಆದರೆ ಪದರ ಹೀಗೆ ಒಗ್ಗಿಕೊಳ್ಳುವ ಮೊದಲ ಮೂರರಿಂದ ಆರು ತಿಂಗಳಲ್ಲಿ ಅಲ್ಲಿನ ನವಿರಾದ ರಕ್ತನಾಳಗಳು ಸುಲಭವಾಗಿ ಒಡೆದು, ಹೊತ್ತುಗೊತ್ತಿಲ್ಲದೆ ರಕ್ತ ಕಾಣಿಸುತ್ತದೆ.

ಸ್ತ್ರೀರೋಗ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟ ಫಿಗೋ 2011ರಲ್ಲಿ ಅಸಹಜ ಸ್ರಾವದ ಕಾರಣಗಳನ್ನು ವರ್ಗೀಕರಿಸಿದಾಗ, ಚಿಕಿತ್ಸೆಯಿಂದಲೇ ಉಂಟಾಗುವ ಸ್ರಾವಕ್ಕೂ ಒಂದು ಸ್ಥಾನ ಕೊಟ್ಟಿತು. ಈ ಹೆಸರನ್ನು ಅವಸರದಲ್ಲಿ ಅಂಟಿಸಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಮೊದಲು ಗರ್ಭ ಪರೀಕ್ಷೆ ಆಗಬೇಕು. ವಂಕಿ ಇರುವಾಗ ಗರ್ಭ ನಿಲ್ಲುವುದು ಬಹಳ ಅಪರೂಪವಾದರೂ, ನಿಂತರೆ ಅದು ಗರ್ಭಕೋಶದ ಹೊರಗೆ, ಗರ್ಭನಳಿಕೆಯಲ್ಲಿ ಬೆಳೆಯುವ ಅಪಾಯ ಹೆಚ್ಚು. ಬಳಿಕ ವಂಕಿಯ ದಾರ ಕಾಣುತ್ತದೆಯೇ, ಗರ್ಭಕೊರಳಿನಲ್ಲಿ ಸೋಂಕು, ಪಾಲಿಪ್ (ಮಾಂಸದ ಸಣ್ಣ ಬೆಳವಣಿಗೆ) ಅಥವಾ ಕ್ಯಾನ್ಸರಿನ ಲಕ್ಷಣವಿದೆಯೇ ಎಂದು ಕಣ್ಣಾರೆ ನೋಡಬೇಕು. ದಾರ ಕಾಣದಿದ್ದರೆ, ನೋವಿದ್ದರೆ, ಸ್ರಾವ ಆರು ತಿಂಗಳು ದಾಟಿದರೆ ಸ್ಕ್ಯಾನ್ ಮಾಡಿ ವಂಕಿ ಜಾರಿದೆಯೇ, ಗಡ್ಡೆಯಿದೆಯೇ ಎಂದು ತಿಳಿಯಬೇಕು.

ವರ್ಷಗಟ್ಟಲೆ ಸುಮ್ಮನಿದ್ದು ಹಠಾತ್ತನೆ ಮತ್ತೆ ಶುರುವಾಗುವ ರಕ್ತ ಮತ್ತು ಸಂಭೋಗದ ಬಳಿಕ ಕಾಣುವ ರಕ್ತ ಬೇರೆಯೇ ಮಾತು, ಅಲ್ಲಿ ಕಾಯಲಾಗದು. ವಯಸ್ಸು 45 ದಾಟಿದವರಲ್ಲಿ, ಅತಿಯಾದ ಬೊಜ್ಜು ಇರುವವರಲ್ಲಿ ಇಂಥ ಸ್ರಾವ ಬಿಡದಿದ್ದರೆ ಒಳಪದರದ ತುಣುಕು ತೆಗೆದು ಪರೀಕ್ಷಿಸಬೇಕಾಗುತ್ತದೆ.

ಏನೂ ಸಿಗದಿದ್ದರೆ ಕೆಲವು ದಿನ ಮೆಫೆನಮಿಕ್ ಆಸಿಡ್‌ನಂಥ ನೋವುನಿವಾರಕ ಮಾತ್ರೆ ಕೊಟ್ಟು ನೋಡಬಹುದು, ಪ್ರಯೋಜನ ಎಲ್ಲರಿಗೂ ಒಂದೇ ರೀತಿ ಇರುವುದಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ರಕ್ತ ಕಂಡ ದಿನಗಳಿಗೆ ಗುರುತು ಹಾಕಿ, ಅದನ್ನೇ ಡಾಕ್ಟರ ಮುಂದೆ ಬಿಡಿಸಿಟ್ಟರೆ, ಸ್ರಾವ ಇಳಿಮುಖವಾಗಿದೆಯೋ ಏರುತ್ತಿದೆಯೋ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ.