ಥ್ರಾಟಲ್ ರೆಸ್ಪಾನ್ಸ್: ರೇಸ್ ಕೊಟ್ಟರೆ ಗಾಡಿ ಝಟ್ಕಾ ಯಾಕೆ ಹೊಡೆಯುತ್ತದೆ?

ಕಲಬುರಗಿಯ ಯಾವ ಗ್ಯಾರೇಜಿನ ಮುಂದೆ ನಿಂತರೂ ಈ ದೂರು ಕಿವಿಗೆ ಬೀಳುತ್ತದೆ: "ರೇಸ್ ಕೊಟ್ಟ ಕೂಡ್ಲೆ ಝಟ್ಕಾ ಹೊಡಿಲಾಕತ್ಯದ ನೋಡ್ರಿ." ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತ, "ಟ್ಯೂನಿಂಗ್ ಮಾಡ್ಬೇಕ್ರಿ, ಬಿಟ್ಟು ಹೋಗ್ರಿ, ಸಂಜಿಗಿ ಬರ್ರಿ" ಅನ್ನುತ್ತಾನೆ. ಸಂಜೆಗೆ ಹೋದರೆ ಐಡ್ಲಿಂಗ್ ಏರಿರುತ್ತದೆ, ಝಟ್ಕಾ ಅಲ್ಲೇ ಇರುತ್ತದೆ. ಈ ದೂರು ಯಾವುದರ ಬಗ್ಗೆಯೋ ಅದಕ್ಕೇ ಥ್ರಾಟಲ್ ರೆಸ್ಪಾನ್ಸ್ ಎನ್ನುವುದು. ಬಲಗೈ ಹಿಡಿಯನ್ನು ನೀವು ಇಷ್ಟು ತಿರುಗಿಸಿದಿರಿ. ಅದಕ್ಕೆ ಹಿಂದಿನ ಗಾಲಿಯಲ್ಲಿ ಬಲ ಎಷ್ಟು ಬಂತು, ಎಷ್ಟು ಬೇಗ ಬಂತು, ಕೈಯ ಅಳತೆಗೆ ತಕ್ಕಂತೆ ಬಂತೋ ಇಲ್ಲವೋ, ಈ ಮೂರೂ ಸೇರಿ ಒಂದು ಗಾಡಿಯ ರೆಸ್ಪಾನ್ಸ್.

ಇದನ್ನು ಪಿಕಪ್ ಜತೆ ಕಲಸುವುದು ಬೇಡ. ಪಿಕಪ್ ಅಂದರೆ ಗಾಡಿ ಎಷ್ಟು ಜೋರಾಗಿ ಎಳೆಯುತ್ತದೆ ಎಂಬುದು. ಪಿಕಪ್ ಚೆನ್ನಾಗಿದ್ದೂ ರೆಸ್ಪಾನ್ಸ್ ಕೆಟ್ಟದಾಗಿರುವ ಬೈಕುಗಳು ಬೇಕಾದಷ್ಟಿವೆ. ಹುಮನಾಬಾದ್ ಮೇಲೆ ಬೀದರಿಗೆ ಹೋಗುವ ಹೆದ್ದಾರಿ 50ರಲ್ಲಿ ಅಂಥ ಗಾಡಿಯ ದೋಷ ಗೊತ್ತೇ ಆಗುವುದಿಲ್ಲ. ಬೀದರಿನ ಚೌಬಾರಾ ಸುತ್ತಲಿನ ಓಣಿಗಳಲ್ಲೋ, ಶರಣಬಸವೇಶ್ವರ ಜಾತ್ರೆಯ ಜನಜಂಗುಳಿಯಲ್ಲೋ ಎರಡನೇ ಗೇರಿನಲ್ಲಿ ಹೊರಟಾಗ ಬಣ್ಣ ಬಯಲಾಗುತ್ತದೆ. ಹಿಂದೆ ಕೂತವರ ಹೆಲ್ಮೆಟ್ ನಿಮ್ಮ ಹೆಲ್ಮೆಟ್ಟಿಗೆ ಬಡಿಯುತ್ತದೆ.

ತೊಂದರೆ ಕಡಿಮೆ ವೇಗದಲ್ಲೇ ಯಾಕೆ? ಹಿಡಿ ತಿರುಗಿಸಿದರೆ ಪೆಟ್ರೋಲು ಹರಿಯುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ನಿಜವಾಗಿ ಹಿಡಿ ತೆರೆಯುವುದು ಗಾಳಿಯ ದಾರಿಯನ್ನು. ಪೆಟ್ರೋಲು ಆ ಗಾಳಿಯ ಲೆಕ್ಕ ನೋಡಿ ಹಿಂದೆ ಬರುತ್ತದೆ. ಎಂಜಿನ್ ನಿಧಾನಕ್ಕೆ ತಿರುಗುವಾಗ ಅದಕ್ಕೆ ಬೇಕಾದ ಗಾಳಿಯೇ ಕಡಿಮೆ. ಹಾಗಾಗಿ ಆ ಗಾಳಿದಾರಿಯ ಬಾಗಿಲು ಕಾಲು ಭಾಗ ತೆರೆಯುವಷ್ಟರಲ್ಲಿ ಆ ವೇಗದಲ್ಲಿ ಕೊಡಬಹುದಾದ ಬಲದ ಬಹುಪಾಲನ್ನು ಎಂಜಿನ್ ಕೊಟ್ಟು ಮುಗಿಸಿರುತ್ತದೆ. ಉಳಿದ ಮುಕ್ಕಾಲು ಭಾಗ ತಿರುಗಿಸಿದರೂ ಹೆಚ್ಚಿನ ಫರಕು ಇಲ್ಲ. ಅಂದರೆ ನಿಮ್ಮ ಮಣಿಕಟ್ಟಿನ ಮೊದಲ ಒಂದೆರಡು ಬೆರಳಗಲದ ತಿರುವಿನಲ್ಲೇ ಎಲ್ಲ ಆಟ. ಅಲ್ಲಿ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಮೈಗೆ ತಿಳಿಯುತ್ತದೆ. ಇದರ ಮೇಲೆ ಸಿಂಗಲ್ ಸಿಲಿಂಡರಿನ ಇನ್ನೊಂದು ಕಷ್ಟ: ನಾಲ್ಕು ಸ್ಟ್ರೋಕಿನ ಎಂಜಿನ್ 1400 ಆರ್‌ಪಿಎಂನಲ್ಲಿ ಓಡುವಾಗ ಸೆಕೆಂಡಿಗೆ ಹನ್ನೆರಡು ಸಲವೂ ಸಿಡಿಯುವುದಿಲ್ಲ. ಒಂದು ಸಿಡಿತ ತಪ್ಪಿದರೆ ಆ ಖಾಲಿ ಜಾಗ ಹಾಗೇ ಸೀಟಿಗೆ ಬರುತ್ತದೆ. ಬುಲೆಟ್ಟಿನ ಭಾರದ ಫ್ಲೈವೀಲ್, ಅಂದರೆ ಎಂಜಿನ್ ಜತೆ ತಿರುಗುವ ಚಕ್ರ, ಅದನ್ನು ನುಂಗಿಕೊಳ್ಳುತ್ತದೆ, ಹಗುರ ಫ್ಲೈವೀಲಿನ ಗಾಡಿ ಮುಚ್ಚಿಡುವುದಿಲ್ಲ.

ಇನ್ನು ಕಾರಣಗಳು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಝಟ್ಕಾ ಎಂದು ಗ್ಯಾರೇಜಿಗೆ ಬರುವ ಗಾಡಿಗಳಲ್ಲಿ ಬಹಳಷ್ಟಕ್ಕೆ ಎಂಜಿನ್ನಿನ ಒಳಗೆ ಕೈ ಹಾಕುವ ಅಗತ್ಯವೇ ಇರುವುದಿಲ್ಲ. ಸಡಿಲ ಇರುವುದು ಹೊರಗೆ. ಆಕ್ಸಿಲರೇಟರ್ ಕೇಬಲ್ ಸಡಿಲವಿದ್ದರೆ ಹಿಡಿ ಸ್ವಲ್ಪ ದೂರ ಸುಮ್ಮನೆ ತಿರುಗಿ, ಆಮೇಲೆ ಒಮ್ಮೆಲೆ ಹಿಡಿದುಕೊಳ್ಳುತ್ತದೆ. ಹಿಡಿಯ ಅಂಚಿನಲ್ಲಿ ಅಳೆದರೆ 2ರಿಂದ 6 ಮಿಲಿಮೀಟರ್ ಆಟ ಇರಬೇಕು ಎನ್ನುತ್ತವೆ ಹಲವು ಕಂಪನಿಗಳ ಕೈಪಿಡಿಗಳು. ನಮ್ಮ ಗಾಡಿಗಳಲ್ಲಿ ಅದು ಬೆರಳಗಲ ಆಗಿರುತ್ತದೆ. ಚೈನಿನದೂ ಇದೇ ಕತೆ. ರೇಸ್ ಬಿಟ್ಟಾಗ ಚೈನಿನ ಕೆಳಗಿನ ಎಳೆ ಬಿಗಿಯಾಗಿ ಮೇಲಿನದು ಜೋತು ಬೀಳುತ್ತದೆ. ಮತ್ತೆ ಕೊಟ್ಟಾಗ ಮೇಲಿನದು ಬಿಗಿದುಕೊಳ್ಳುವವರೆಗೆ ಎಂಜಿನ್ ಖಾಲಿ ಓಡಿ, ನಂತರ ಧಡ್ ಎಂದು ಗಾಲಿಗೆ ತಾಗುತ್ತದೆ. ವಾಡಿ ಜಂಕ್ಷನ್ನಿನಲ್ಲಿ ಸಿಮೆಂಟ್ ತುಂಬಿದ ಗೂಡ್ಸ್ ಹೊರಡುವಾಗ ಡಬ್ಬಿಯಿಂದ ಡಬ್ಬಿಗೆ ಖಟ್ ಖಟ್ ಎಂದು ಸಡಿಲ ಎಳೆದುಕೊಂಡು ಹೋಗುವುದನ್ನು ಕೇಳಿದವರಿಗೆ ಇದನ್ನು ಬೇರೆ ಬಿಡಿಸಿ ಹೇಳಬೇಕಿಲ್ಲ. ಹಿಂದಿನ ಗಾಲಿಯ ಹಬ್ಬಿನೊಳಗೆ ಈ ಪೆಟ್ಟು ತಡೆಯಲೆಂದೇ ಕಪ್ಲಿಂಗ್ ರಬ್ಬರ್ ಇರುತ್ತವೆ. ಅವು ಸವೆದದ್ದನ್ನು ಗಾಲಿ ಬಿಚ್ಚದೆ ಯಾರೂ ನೋಡುವುದಿಲ್ಲ, ಪಂಚರ್ ಆಗದೆ ಗಾಲಿ ಬಿಚ್ಚುವುದಿಲ್ಲ. ಕೇಬಲ್, ಚೈನು, ರಬ್ಬರ್ ಈ ಮೂರನ್ನು ಸರಿ ಮಾಡದೆ ಕಾರ್ಬೋರೇಟರಿಗೆ (ಗಾಳಿಗೆ ಪೆಟ್ರೋಲು ಬೆರೆಸುವ ಭಾಗ) ಸ್ಕ್ರೂಡ್ರೈವರ್ ಹಚ್ಚುವವನಿಗೆ ಗಾಡಿ ಕೊಡಬೇಡಿ.

ಹೊರಗಿನ ಸಡಿಲ ಸರಿಯಾದ ಮೇಲೂ ಝಟ್ಕಾ ಉಳಿದರೆ ಆಗ ಮಿಶ್ರಣದ ಮಾತು. ಶುದ್ಧ ಪೆಟ್ರೋಲು ಪೂರ್ತಿ ಉರಿಯಲು ತೂಕದಲ್ಲಿ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕು. ರೇಸ್ ದಿಢೀರ್ ಕೊಟ್ಟಾಗ ಗಾಳಿ ಹಗುರ, ತಕ್ಷಣ ನುಗ್ಗುತ್ತದೆ. ಪೆಟ್ರೋಲು ಭಾರ, ಹಿಂದೆ ಬೀಳುತ್ತದೆ. ಬಂದದ್ದರಲ್ಲೂ ಒಂದಿಷ್ಟು ಇನ್‌ಟೇಕಿನ (ಎಂಜಿನ್ನಿಗೆ ಗಾಳಿ ಹೋಗುವ ಕೊಳವೆ) ಗೋಡೆಗೆ ಅಂಟಿಕೊಳ್ಳುತ್ತದೆ. ಆ ಕ್ಷಣ ಸಿಲಿಂಡರಿಗೆ ಸಿಗುವುದು ಬರೀ ತೆಳುವಾದ, ಅಂದರೆ ಪೆಟ್ರೋಲು ಕಡಿಮೆಯಿರುವ ಮಿಶ್ರಣ. ಎಂಜಿನ್ ತಡವರಿಸುತ್ತದೆ, ಮರುಕ್ಷಣ ಪೆಟ್ರೋಲು ಬಂದು ಹಾರುತ್ತದೆ. ಕಾರ್ಬೋರೇಟರಿನಲ್ಲಿ ಇದಕ್ಕೆ ಹಳೆಯ ಮದ್ದಿದೆ, ಆದರೆ ಎಲ್ಲದರಲ್ಲೂ ಇಲ್ಲ. ಆರ್‌ಎಕ್ಸ್ 100ರ ಮಿಕುನಿ ಕಾರ್ಬೋರೇಟರಿನಲ್ಲಿ ಕೇಬಲ್ ನೇರವಾಗಿ ಸ್ಲೈಡನ್ನು (ಗಾಳಿದಾರಿಯಲ್ಲಿ ಏರಿಳಿಯುವ ಬಾಗಿಲು) ಎತ್ತುತ್ತದೆ, ಅದಕ್ಕೇ ಅದು ಅಷ್ಟು ಚುರುಕು, ಅಷ್ಟೇ ಮುಂಗೋಪಿ. ರಬ್ಬರ್ ಡಯಾಫ್ರಮ್ ಇರುವ ಸಿವಿ ಕಾರ್ಬೋರೇಟರಿನಲ್ಲಿ ಕೇಬಲ್ ಎಳೆಯುವುದು ಚಿಟ್ಟೆ ಬಾಗಿಲನ್ನು ಮಾತ್ರ. ಸ್ಲೈಡನ್ನು ಎತ್ತುವುದು ಎಂಜಿನ್ನಿನ ಎಳೆತ. ನೀವು ಎಷ್ಟೇ ಅವಸರ ಮಾಡಿದರೂ ಅದು ತನ್ನ ಪಾಡಿಗೆ ಏರುತ್ತದೆ.

ಟ್ಯೂನಿಂಗ್ ಮಾಡುವಾಗ ಮೆಕ್ಯಾನಿಕ್ ತಿರುಗಿಸುವ ಚಿಕ್ಕ ಸ್ಕ್ರೂ ಎಲ್ಲ ಗಾಡಿಯಲ್ಲಿ ಒಂದೇ ಅಲ್ಲ. ಫಿಲ್ಟರ್ ಬದಿಗಿದ್ದರೆ ಅದು ಏರ್ ಸ್ಕ್ರೂ, ಬಿಚ್ಚಿದಷ್ಟೂ ಮಿಶ್ರಣ ತೆಳು. ಎಂಜಿನ್ ಬದಿಗಿದ್ದರೆ ಮಿಕ್ಸ್ಚರ್ ಸ್ಕ್ರೂ, ಬಿಚ್ಚಿದಷ್ಟೂ ಪೆಟ್ರೋಲು ಹೆಚ್ಚು. ಎರಡಕ್ಕೂ "ಎರಡೂವರೆ ಸುತ್ತು" ಎಂಬ ಒಂದೇ ಮಂತ್ರ ಹಾಕುವವರಿದ್ದಾರೆ. ಈ ಸ್ಕ್ರೂ ಮತ್ತು ಸ್ಲೋ ಜೆಟ್ಟಿನ (ಜೆಟ್ ಅಂದರೆ ಪೆಟ್ರೋಲು ಬರುವ ಸಣ್ಣ ರಂಧ್ರ) ಅಧಿಕಾರ ಐಡ್ಲಿಂಗಿನಿಂದ ಹಿಡಿದು ಕಾಲು ರೇಸಿನವರೆಗೆ ಮಾತ್ರ. ಆಚೆಗೆ ನೀಡಲ್, ಕೊನೆಗೆ ಮೇನ್ ಜೆಟ್. ಝಟ್ಕಾ ಬರುವುದು ಮೊದಲ ಕಾಲು ಭಾಗದಲ್ಲಿ ಎಂದಾದರೆ ಮೇನ್ ಜೆಟ್ ದೊಡ್ಡದು ಮಾಡಿಸಿ ಏನು ಬಂತು? ಪೆಟ್ರೋಲ್ ಬಂಕಿನವನಿಗೆ ಲಾಭ.

ನಮ್ಮ ಕಡೆಯ ಹವಾಮಾನ ಇದರಲ್ಲಿ ತನ್ನ ಕೈ ಆಡಿಸುತ್ತದೆ. 15 ಡಿಗ್ರಿಯ ಗಾಳಿಗಿಂತ 45 ಡಿಗ್ರಿಯ ಗಾಳಿ ಸುಮಾರು 9% ವಿರಳ. ಕಾರ್ಬೋರೇಟರಿಗೆ ಅದು ತಿಳಿಯುವುದಿಲ್ಲ, ಮೇ ತಿಂಗಳ ಮಧ್ಯಾಹ್ನ ಮಿಶ್ರಣ 4–5% ದಪ್ಪವಾಗುತ್ತದೆ, ಅಂದರೆ ಪೆಟ್ರೋಲು ಹೆಚ್ಚಾಗುತ್ತದೆ. ಇನ್ನೊಂದು ಕಡೆ ಈಗ ಬಂಕುಗಳಲ್ಲಿ ಸಿಗುವುದು 20% ಎಥೆನಾಲ್ ಬೆರೆತ ಇ20. ಎಥೆನಾಲಿನಲ್ಲೇ ಆಮ್ಲಜನಕ ಇರುವುದರಿಂದ ಇ20ಕ್ಕೆ ಬೇಕಾದ ಗಾಳಿ ಕಡಿಮೆ, ಸುಮಾರು 13.5 ಪಾಲು. ಶುದ್ಧ ಪೆಟ್ರೋಲಿಗೆ ಕೂರಿಸಿದ ಹಳೆಯ ಕಾರ್ಬೋರೇಟರ್ ಆ ಲೆಕ್ಕದಲ್ಲಿ 8% ತೆಳುವಾಗಿ ಓಡುತ್ತದೆ. ಬೇಸಿಗೆಯ ದಪ್ಪ ಮತ್ತು ಇ20ರ ತೆಳು ಒಂದನ್ನೊಂದು ಅರ್ಧಕ್ಕರ್ಧ ಹೊಡೆದುಹಾಕುತ್ತವೆ. ಡಿಸೆಂಬರಿನ ಬೆಳಗ್ಗೆ ಬೀದರಿನಲ್ಲಿ ಆ ಉಪಕಾರ ಇಲ್ಲ. ಹಳೆಯ ಗಾಡಿಗಳು ಆಗಲೇ ಹೆಚ್ಚು ಕೆಮ್ಮುತ್ತವೆ. ಬಿಸಿಲಿಗೆ ಇನ್‌ಟೇಕಿನ ರಬ್ಬರ್ ಬಿರುಕು ಬಿಟ್ಟು ಕಳ್ಳಗಾಳಿ ಎಳೆಯುವುದೂ ಉಂಟು. ಶಹಾಬಾದ್, ಸೇಡಂ ಕಡೆಯ ಕಲ್ಲು ಮತ್ತು ಸಿಮೆಂಟಿನ ಧೂಳಿನಲ್ಲಿ ಓಡುವ ಗಾಡಿಗೆ ಕೈಪಿಡಿಯ ಲೆಕ್ಕಕ್ಕಿಂತ ಬೇಗ ಏರ್ ಫಿಲ್ಟರ್ ಬದಲಿಸಬೇಕು.

2020ರ ಏಪ್ರಿಲ್ 1ರಿಂದ ಹೊಗೆಯ ಬಿಎಸ್6 ನಿಯಮ ಬಂದು ಹೊಸ ಬೈಕುಗಳೆಲ್ಲ ಹೆಚ್ಚುಕಡಿಮೆ ಕಾರ್ಬೋರೇಟರ್ ಬಿಟ್ಟು ಪೆಟ್ರೋಲು ಚಿಮ್ಮಿಸುವ ಇಂಜೆಕ್ಷನ್ನಿಗೆ ಹೋದವು. ಸೈಲೆನ್ಸರಿನ ಆಕ್ಸಿಜನ್ ಸೆನ್ಸರ್ ಹೊಗೆ ನೋಡಿ ಹೇಳುತ್ತದೆ, ಇಸಿಯು (ಎಂಜಿನ್ನಿನ ಕಂಪ್ಯೂಟರ್) ಪೆಟ್ರೋಲು ಹೊಂದಿಸುತ್ತದೆ. ಹವೆಯ ಫರಕು, ಇ20ರ ಫರಕು ಬಹುಪಾಲು ಅದೇ ಸಂಭಾಳಿಸುತ್ತದೆ. ಆದರೆ ಝಟ್ಕಾ ಹೋಗಲಿಲ್ಲ, ಜಾಗ ಬದಲಿಸಿತು. ಹಿಡಿ ಪೂರ್ತಿ ಬಿಟ್ಟಾಗ ಎಂಜಿನ್ ವೇಗ ಒಂದು ಮಿತಿಗಿಂತ ಮೇಲಿದ್ದರೆ ಇಸಿಯು ಪೆಟ್ರೋಲನ್ನೇ ನಿಲ್ಲಿಸಿಬಿಡುತ್ತದೆ. ಹೊಗೆಗೂ ಮೈಲೇಜಿಗೂ ಒಳ್ಳೆಯದು. ಸ್ಪೀಡ್ ಬ್ರೇಕರ್ ದಾಟಿ ಮತ್ತೆ ಹಿಡಿ ತೆರೆದಾಗ ಸೊನ್ನೆಯಿಂದ ಒಮ್ಮೆಲೆ ಸಿಡಿತ ಶುರುವಾಗುತ್ತದೆ, ಸಡಿಲ ಚೈನು ಅದನ್ನು ದೊಡ್ಡದು ಮಾಡಿ ತೋರಿಸುತ್ತದೆ. ಗಾಳಿಯ ಬಾಗಿಲಿರುವ ಥ್ರಾಟಲ್ ಬಾಡಿಯ ಅಂಚಿಗೆ ಮಸಿ ಕೂತಿದ್ದರೆ ಇನ್ನೂ ಕೆಟ್ಟದು, ಸಣ್ಣ ಬಿರುಕಿನಷ್ಟು ತೆರೆದ ಬಾಗಿಲಿಗೆ ಮಸಿಯೂ ದೊಡ್ಡ ಅಡ್ಡಿಯೇ. 2017ರ ಕೆಟಿಎಂ 390 ಡ್ಯೂಕಿನಂತೆ ಕೇಬಲ್ಲೇ ಇಲ್ಲದ ಗಾಡಿಗಳಲ್ಲಿ ಹಿಡಿಯ ತಿರುವಿಗೂ ಬಾಗಿಲಿಗೂ ನಡುವೆ ಮೋಟಾರೊಂದು ಕೂತಿದೆ. ನೀವು ಅವಸರ ಮಾಡಿದರೂ ಬಾಗಿಲು ಎಷ್ಟು ಬೇಗ ತೆರೆಯಬೇಕೆಂದು ಇಸಿಯು ತೀರ್ಮಾನಿಸುತ್ತದೆ. ರೈಡಿಂಗ್ ಮೋಡುಗಳಲ್ಲಿ ರೇನ್ ಮೋಡ್ ಮಾಡುವುದೂ ಇದನ್ನೇ. ರೀಮ್ಯಾಪ್ (ಇಸಿಯುವಿನ ಲೆಕ್ಕ ತಿದ್ದುವುದು) ಎಂದು ಮಾರುವ ಕೆಲಸದಲ್ಲಿ ನಿಜಕ್ಕೂ ಉಪಯೋಗವಾಗುವ ಭಾಗವೂ ಈ ಸಣ್ಣ ರೇಸಿನ ಲೆಕ್ಕ ತಿದ್ದುವುದೇ, ಮಾರುವವರು ಮಾತ್ರ ಟಾಪ್ ಸ್ಪೀಡ್ ಬಗ್ಗೆ ಮಾತಾಡುತ್ತಾರೆ. ಫಿಲ್ಟರ್ ಡಬ್ಬಿ ತೆಗೆದು, ಸದ್ದಿನ ಸೈಲೆನ್ಸರ್ ಹಾಕಿಸುವುದು ರೆಸ್ಪಾನ್ಸ್ ಸುಧಾರಣೆ ಅಲ್ಲ. ಅದು ಮೊದಲ ಕಾಲು ಭಾಗವನ್ನು ಇನ್ನಷ್ಟು ಕೆಡಿಸುವ ಖರ್ಚಿನ ದಾರಿ.

ಗ್ಯಾರೇಜಿಗೆ ಹೋದಾಗ "ಪಿಕಪ್ ಇಲ್ಲ" ಎಂದಷ್ಟೇ ಹೇಳಿದರೆ ಮೆಕ್ಯಾನಿಕ್ ತನಗೆ ಗೊತ್ತಿರುವ ಸ್ಕ್ರೂ ತಿರುಗಿಸುತ್ತಾನೆ. ಅದರ ಬದಲು ಸಪಾಟು ರಸ್ತೆಯಲ್ಲಿ ಮೂರನೇ ಗೇರಿನಲ್ಲಿ 30ರ ವೇಗಕ್ಕೆ ಬಂದು, ಹಿಡಿ ಪೂರ್ತಿ ಬಿಟ್ಟು ಮೆಲ್ಲಗೆ ತೆರೆದು ನೋಡಿ. ಮೊದಲು ಖಾಲಿ ತಿರುವು, ಆಮೇಲೆ ಖಟ್ ಎಂಬ ಸದ್ದು ಬಂದರೆ ಕೇಬಲ್ಲು, ಚೈನು, ರಬ್ಬರ್. ಸದ್ದಿಲ್ಲದೆ ಎಂಜಿನ್ ಒಂದು ಗುಟುಕು ನುಂಗಿದಂತಾಗಿ ಆಮೇಲೆ ಎಳೆದರೆ ಮಿಶ್ರಣ ತೆಳು. ಚೋಕ್ ಸ್ವಲ್ಪ ಎಳೆದಾಗ ಅದು ಕಡಿಮೆಯಾದರೆ ಇನ್ನೂ ಖಾತ್ರಿ. ಎಂಜಿನ್ ಬಿಸಿಯಾದಷ್ಟೂ ಹೆಚ್ಚಾಗಿ, ಪ್ಲಗ್ ಬಿಚ್ಚಿದರೆ ಕರಿ ಮಸಿ ಕಂಡರೆ ದಪ್ಪ, ಆಗ ಮೊದಲು ಏರ್ ಫಿಲ್ಟರ್ ನೋಡಲು ಹೇಳಿ. ಇಷ್ಟು ಹೇಳಿ ಗಾಡಿ ಬಿಟ್ಟರೆ ಸಂಜೆಯವರೆಗೂ ಕಾಯಬೇಕಿಲ್ಲ, ಚೈನು ಬಿಗಿ ಮಾಡಿ ಕೇಬಲ್ ಸೆಟ್ ಮಾಡುವುದು ಒಂದು ಚಹಾ ಕುಡಿಯುವಷ್ಟರ ಕೆಲಸ.